ಡಿವಿಡಿ ಬರ್ನ್ ನಿಧಾನವೆಂದು ಬಯಾಸ್‌ಗೆ ಕೈಹಾಕಬೇಡಿ

ವಿಂಡೋಸ್ ಎಕ್ಸ್‌ಪಿ ಇರುವ ಹಳೇ ಸಿಸ್ಟಂನಲ್ಲಿ ಈಗಲೂ ಡಿಸ್ಕ್ ಬರೆಯುವವರಿಗೆ ಈ ಎಚ್ಚರಿಕೆ. 16ಎಕ್ಸ್ ರೈಟರ್‌ನಲ್ಲಿ ಆರೇಳು ನಿಮಿಷಕ್ಕೆ ಮುಗಿಯುತ್ತಿದ್ದ ಡಿವಿಡಿ ಒಂದು ದಿನ ಅರ್ಧ ಗಂಟೆ ಹಿಡಿಯುತ್ತದೆ. ಮೌಸ್ ತಡವರಿಸುತ್ತದೆ, ಬಫರ್ (ಬರೆಯಬೇಕಾದ ಡೇಟಾ ಕೂಡಿಡುವ ಜಾಗ) ಮತ್ತೆ ಮತ್ತೆ ಖಾಲಿಯಾಗುತ್ತದೆ. ಡಿವೈಸ್ ಮ್ಯಾನೇಜರ್ ತೆರೆದು ‘ಐಡಿಇ ಎಟಿಎ/ಎಟಿಎಪಿಐ ಕಂಟ್ರೋಲರ್ಸ್’ (ಡಿಸ್ಕ್, ರೈಟರ್‌ಗಳನ್ನು ನಡೆಸುವ ಚಿಪ್‌ಗಳ ಪಟ್ಟಿ) ಕೆಳಗೆ ನೋಡಿದರೆ ರೈಟರ್ ಇರಬೇಕಾದ ಚಾನೆಲ್ಲೇ ಇಲ್ಲ. ಕಂಟ್ರೋಲರ್ ಕಾಣೆಯಾಗಿದೆ ಅಂದುಕೊಂಡು ಕೆಲವರು ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ಸಾಟಾ ಮೋಡ್ ಅನ್ನು, ಅಂದರೆ ಹಾರ್ಡ್ ಡಿಸ್ಕ್ ಜೊತೆ ವ್ಯವಹರಿಸುವ ವಿಧಾನವನ್ನು, ಹಳೇ ಐಡಿಇಯಿಂದ ಹೊಸ ಎಎಚ್‌ಸಿಐಗೆ ಬದಲಿಸುತ್ತಾರೆ. ಮುಂದಿನ ಬೂಟ್‌ನಲ್ಲೇ ನೀಲಿ ಪರದೆ, 7ಬಿ ದೋಷ (ಬೂಟ್ ಆಗಬೇಕಾದ ಡಿಸ್ಕ್ ಸಿಗುತ್ತಿಲ್ಲ ಎಂಬ ಸೂಚನೆ). ವಿಂಡೋಸ್ ಹೋಯಿತೆಂದು ಫಾರ್ಮ್ಯಾಟ್ ಮಾಡಿಸಿದರೆ, ಡಿವಿಡಿಗೆ ಹಾಕಿ ಉಳಿಸಬೇಕೆಂದಿದ್ದ ಫೋಟೊಗಳೇ ಹೋಗುತ್ತವೆ.

ಇಲ್ಲಿ ವಿಂಡೋಸ್ ಕೆಟ್ಟಿರುವುದಿಲ್ಲ. ಎಕ್ಸ್‌ಪಿಯೊಳಗೆ ಎಎಚ್‌ಸಿಐ ಡ್ರೈವರ್ ಇಲ್ಲದ್ದರಿಂದ ಹಾರ್ಡ್ ಡಿಸ್ಕ್ ಅದಕ್ಕೆ ಕಾಣುತ್ತಿಲ್ಲ, ಅಷ್ಟೆ. ಮೋಡ್ ಅನ್ನು ಮೊದಲಿದ್ದ ಹಾಗೆ ಮಾಡಿದರೆ ಸಿಸ್ಟಂ ಏಳುತ್ತದೆ. ಯಾರು ಏನೇ ಹೇಳಲಿ, ಇದನ್ನು ನೋಡುವ ಮುಂಚೆ ಫಾರ್ಮ್ಯಾಟ್‌ಗೆ ಒಪ್ಪಬೇಡಿ.

‘ಕಾಣೆಯಾದ’ ಕಂಟ್ರೋಲರ್ ಸಾಮಾನ್ಯವಾಗಿ ಬೇರೆ ಗುಂಪಿನಲ್ಲಿರುತ್ತದೆ. 2006ರಲ್ಲಿ ಇಂಟೆಲ್ ತನ್ನ ಐಸಿಎಚ್8 ಚಿಪ್‌ನಿಂದ ಹಳೇ ಐಡಿಇ ಪೋರ್ಟ್ (ಅಗಲ ಪಟ್ಟಿಯಂಥ ಕೇಬಲ್ ಸಿಗಿಸುವ ಜಾಗ) ತೆಗೆದುಹಾಕಿತು. ಹಾಗಾಗಿ ಆ ಚಿಪ್ ಇರುವ ಪಿ965 ಮದರ್‌ಬೋರ್ಡ್‌ಗಳಲ್ಲಿ ಆ ಪೋರ್ಟ್‌ಗೆಂದು ಜೆಮೈಕ್ರಾನ್ ಜೆಎಂಬಿ363ರಂಥ ಪ್ರತ್ಯೇಕ ಚಿಪ್ ಕೂರಿಸಿದರು. ಅದರ ಡ್ರೈವರ್ ಹಾಕಿದ್ದರೆ ‘ಸ್ಕಸಿ ಅಂಡ್ ರೇಡ್ ಕಂಟ್ರೋಲರ್ಸ್’ ಕೆಳಗೆ ಹುಡುಕಿ. ಸಿಸ್ಟಂ ಶುರುವಾಗುವಾಗಲೇ ರೈಟರ್ ಹೆಸರು ಬರದಿದ್ದರೆ ಮಾತ್ರ ಕೇಬಲ್, ಪವರ್ ಮತ್ತು ಬಯಾಸ್‌ನ ಆನ್‌ಬೋರ್ಡ್ ಐಡಿಇ ಆಯ್ಕೆ ಪರೀಕ್ಷಿಸಿ.

ಇನ್ನು ನಿಧಾನದ ವಿಚಾರ. ಗೀರುಬಿದ್ದ ಡಿಸ್ಕ್ ಓದುವಾಗಲೋ ಕೇಬಲ್ ಸಡಿಲವಾಗಿದ್ದಾಗಲೋ ಬರುವ ಟೈಮ್‌ಔಟ್ (ಸಮಯಕ್ಕೆ ಉತ್ತರ ಬರದಿರುವುದು) ಹಾಗೂ ಸಿಆರ್‌ಸಿ (ಸಾಗುವಾಗ ಡೇಟಾ ಕೆಡುವುದು) ದೋಷಗಳನ್ನು ಎಕ್ಸ್‌ಪಿ ಲೆಕ್ಕ ಇಡುತ್ತದೆ. ಒಟ್ಟು ಆರಾದರೆ ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ. ಇಳಿಯುತ್ತಾ ಇಳಿಯುತ್ತಾ ಡಿಎಂಎ (ಪ್ರೊಸೆಸರ್‌ಗೆ ಹೊರೆಯಾಗದೆ ಡೇಟಾ ಸಾಗಿಸುವ ವಿಧಾನ) ಬಿಟ್ಟು ಹಳೇ ಪಿಐಒ ವಿಧಾನಕ್ಕೆ ಬಂದು ನಿಲ್ಲುತ್ತದೆ. ಪಿಐಒದಲ್ಲಿ ಪ್ರತಿ ಬೈಟನ್ನೂ ಪ್ರೊಸೆಸರ್ರೇ ಹೊರಬೇಕು, ಮೌಸ್ ತಡವರಿಸುವುದು ಅದಕ್ಕೇ. ಪಿಐಒ ಮೋಡ್ 4ಕ್ಕೆ ಕಾಗದದ ಮೇಲೂ ಸೆಕೆಂಡಿಗೆ 16.6 ಎಂಬಿ ಮಾತ್ರ, 16ಎಕ್ಸ್ ಡಿವಿಡಿಗೆ 22 ಬೇಕು.

ರೈಟರ್ ಇರುವ ಐಡಿಇ ಚಾನೆಲ್‌ನ ಪ್ರಾಪರ್ಟೀಸ್‌ನಲ್ಲಿ ‘ಅಡ್ವಾನ್ಸ್ಡ್ ಸೆಟ್ಟಿಂಗ್ಸ್’ ತೆರೆಯಿರಿ. ‘ಕರೆಂಟ್ ಟ್ರಾನ್ಸ್‌ಫರ್ ಮೋಡ್’ ಪಿಐಒ ಎಂದಿದ್ದರೆ ಮೇಲಿನ ಆಯ್ಕೆಯನ್ನು ‘ಡಿಎಂಎ ಇಫ್ ಅವೈಲಬಲ್’ ಮಾಡಿ ರೀಸ್ಟಾರ್ಟ್ ಕೊಡಿ. ಬಹಳ ಸಲ ಇದರಿಂದ ಏನೂ ಆಗುವುದಿಲ್ಲ. ಆಗ ಆ ಚಾನೆಲ್ಲನ್ನೇ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ಎಕ್ಸ್‌ಪಿ ಅದನ್ನು ಹೊಸದಾಗಿ ಗುರುತಿಸಿ ದೋಷದ ಲೆಕ್ಕವನ್ನು ಮೊದಲಿನಿಂದ ಶುರುಮಾಡುತ್ತದೆ. ಅಲ್ಟ್ರಾ ಡಿಎಂಎ ಮೋಡ್ 2 ಅಥವಾ 4 ಕಂಡರೆ ಸರಿಯಾಯಿತು. ಜೆಮೈಕ್ರಾನ್ ಗುಂಪಿನಲ್ಲಿ ಈ ಪುಟ ಇರುವುದಿಲ್ಲ, ಅಲ್ಲಿ ಅದರದೇ ಡ್ರೈವರ್ ಮತ್ತೆ ಹಾಕಬೇಕು.

ನಾಲ್ಕು ದಿನದಲ್ಲಿ ಪಿಐಒ ವಾಪಸು ಬಂದರೆ ಹೊಸ ರೈಟರ್ ಕೊಳ್ಳುವ ಮೊದಲು ಕೇಬಲ್ ಬದಲಿಸಿ. 40 ತಂತಿಯದು ಬೇಡ, 80 ತಂತಿಯದು ತನ್ನಿ. ಉದ್ದ 45 ಸೆಂ.ಮೀ. ಮೀರಬಾರದು. ನೀಲಿ ತುದಿ ಮದರ್‌ಬೋರ್ಡ್‌ಗೆ, ಕಪ್ಪು ತುದಿ ಮಾಸ್ಟರ್‌ಗೆ (ಆ ಕೇಬಲ್‌ನ ಮೊದಲ ಡ್ರೈವ್), ನಡುವಿನ ಬೂದು ಸ್ಲೇವ್‌ಗೆ (ಎರಡನೆಯದು). ಕೇಬಲ್ ಹಾಕಿದ ಮೇಲೆ ಚಾನೆಲ್ಲನ್ನು ಇನ್ನೊಮ್ಮೆ ಅನ್‌ಇನ್‌ಸ್ಟಾಲ್ ಮಾಡಲು ಮರೆಯಬೇಡಿ, ಬರೀ ಹೊಸ ಕೇಬಲ್ ಕಂಡು ಎಕ್ಸ್‌ಪಿ ಪಿಐಒ ಬಿಡುವುದಿಲ್ಲ.