ವಿಕಿರಣ ಚಿಕಿತ್ಸೆಯ ಚರ್ಮಕ್ಕೆ: ಲೋಳೆಸರವೋ, ಕ್ಯಾಲೆಂಡುಲವೋ?

ಸ್ತನ ಕ್ಯಾನ್ಸರಿನ ವಿಕಿರಣ ಚಿಕಿತ್ಸೆಯ ವಾರಗಳಲ್ಲಿ ಕೆಂಪೇರಿ ಉರಿಯುವ ಚರ್ಮಕ್ಕೆ ಇವೆರಡರಲ್ಲಿ ಒಂದನ್ನು ಆರಿಸುವುದಾದರೆ, ನನ್ನ ಒಲವು ಕ್ಯಾಲೆಂಡುಲ ಎಂಬ, ಚೆಂಡುಹೂವನ್ನು ಹೋಲುವ ಹೂವಿನ ಮುಲಾಮಿನ ಕಡೆಗೆ. 2004ರಲ್ಲಿ ಪ್ರಕಟವಾದ, 254 ಮಹಿಳೆಯರಿದ್ದ ಫ್ರಾನ್ಸಿನ ಅಧ್ಯಯನದಲ್ಲಿ, ಮಧ್ಯಮ ಅಥವಾ ಅದಕ್ಕೂ ತೀವ್ರವಾದ ಉರಿಯೂತವು ಕ್ಯಾಲೆಂಡುಲ ಹಚ್ಚಿಕೊಂಡವರಲ್ಲಿ ಶೇ. 41ರಷ್ಟು, ಟ್ರೋಲಮಿನ್ ಎಂಬ ಇನ್ನೊಂದು ಚರ್ಮದ ಕ್ರೀಮನ್ನು ಹಚ್ಚಿಕೊಂಡವರಲ್ಲಿ ಶೇ. 63ರಷ್ಟು ಮಂದಿಗೆ ಕಾಣಿಸಿಕೊಂಡಿತು. ಆದರೆ ಕ್ಯಾಲೆಂಡುಲ ಮುಲಾಮನ್ನು ಹಚ್ಚುವುದೇ ಕಷ್ಟವೆಂದು ಹಲವರು ಹೇಳಿದ್ದರು. (ನಮ್ಮ ಚೆಂಡುಹೂವು ಬೇರೆಯೇ ಗಿಡ, ಅದನ್ನು ಅರೆದು ಹಚ್ಚಬಾರದು.) ಲೋಳೆಸರ ತಂಪು, ಹಿತ್ತಲಲ್ಲೇ ಸಿಗುತ್ತದೆ, ಆದರೂ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ ಅದು ಒಣ ಸಿಪ್ಪೆ ಏಳುವುದನ್ನೂ ನೋವನ್ನೂ ತಗ್ಗಿಸುವಲ್ಲಿ ಸಾಧಾರಣ ಕ್ರೀಮಿಗಿಂತ ಹಿಂದೆ ಬಿತ್ತು. ಯಾವುದನ್ನಾದರೂ ವಿಕಿರಣ ವೈದ್ಯರನ್ನು ಕೇಳಿಯೇ ಹಚ್ಚಬೇಕು. ಚರ್ಮ ಒಡೆದು ನೀರು ಒಸರಿದರೆ ಎರಡನ್ನೂ ನಿಲ್ಲಿಸಿ ಅವರಿಗೆ ತೋರಿಸಬೇಕು.