ಎರಡು ಅಂದರೆ ಎರಡು ಲೀಟರ್ ಅಲ್ಲ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮನೆ ಮೂಲೆಯಲ್ಲಿ ಗುಂಯ್ ಅನ್ನುವ, ಗಾಳಿಯಿಂದಲೇ ಆಕ್ಸಿಜನ್ ತೆಗೆದು ಕೊಡುವ, ನಿಮಿಷಕ್ಕೆ 5 ಲೀಟರ್‌ವರೆಗಿನ ಕಾನ್ಸಂಟ್ರೇಟರ್‌ಗೇ. ಹೆಗಲಿಗೆ ನೇತುಹಾಕುವ ಪುಟ್ಟ ಮೆಷಿನ್‌ಗೆ ಅದರ ಮೂರು ಪಟ್ಟು ದುಡ್ಡು ಸುರಿದ ಮೇಲೆ ಬಂದ ಬುದ್ಧಿ ಇದು.

ಅಪ್ಪ ಮಂಡ್ಯದ ಹತ್ತಿರದ ನಮ್ಮೂರಲ್ಲಿ ವರ್ಷಗಟ್ಟಲೆ ಆಲೆಮನೆ ಒಲೆ ಮುಂದೆ ಕೂತವರು. ಜೊತೆಗೆ ಬೀಡಿ. ಈಗ ಸಿಓಪಿಡಿ, ಅಂದರೆ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಡಾಕ್ಟರ್ ಬರೆದುಕೊಟ್ಟಿದ್ದು ನಿಮಿಷಕ್ಕೆ 2 ಲೀಟರ್ ಆಕ್ಸಿಜನ್, ದಿನಕ್ಕೆ ಕಡಿಮೆ ಅಂದರೂ 15 ಗಂಟೆ. ರಕ್ತದಲ್ಲಿನ ಆಕ್ಸಿಜನ್ ಮಟ್ಟ ತೋರಿಸುವ, ಬೆರಳಿಗೆ ಹಾಕುವ ಮೀಟರ್ 88ರಿಂದ 92 ಪರ್ಸೆಂಟ್ ತೋರಿಸಿದರೆ ಸಾಕು, ನೀವೇ ಜಾಸ್ತಿ ಮಾಡಬೇಡಿ ಅಂದರು. ಇಂಥವರಿಗೆ ಆಕ್ಸಿಜನ್ ಅತಿಯಾದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಬಹುದು.

ಮೈಸೂರಿಗೆ ಚೆಕಪ್‌ಗೆ ಹೋಗಬೇಕಲ್ವಾ, ಅದಕ್ಕೇ ಪುಟ್ಟದ್ದು ತಂದೆ. ಅಂಗಡಿಯವರು "ಎರಡಕ್ಕಿಡಿ ಸಾರ್, ಎರಡು ಲೀಟರ್" ಅಂದರು. ಸುಳ್ಳು. ಅದು ಒಂದೇ ಸಮನೆ ಬಿಡುವುದಿಲ್ಲ. ಮೂಗಿನಲ್ಲಿ ಉಸಿರು ಒಳಗೆಳೆದದ್ದು ಗೊತ್ತಾದಾಗ ಮಾತ್ರ ಒಂದು ಪುಕ್ಕನೆ ಬಿಡುತ್ತದೆ. ಎರಡು ಅನ್ನುವುದು ಬರೀ ಬಟನ್ ನಂಬರು, ಕಂಪನಿಯಿಂದ ಕಂಪನಿಗೆ ಲೆಕ್ಕ ಬೇರೆ.

ಎದ್ದು ಕೂತಿದ್ದಾಗ 91 ಇತ್ತು, ಖುಷಿಯಾಯಿತು. ರಾತ್ರಿ ಅಪ್ಪ ಬಾಯಿ ತೆರೆದು ಗೊರಕೆ ಹೊಡೆಯುತ್ತಾರೆ. ಮೂಗಿನಲ್ಲಿ ಎಳೆತವೇ ಇಲ್ಲ, ಮೆಷಿನ್‌ಗೆ ಉಸಿರೇ ಸಿಗಲಿಲ್ಲ. ಕುಯ್ ಕುಯ್ ಅಲಾರಂ. ಟ್ಯೂಬ್ ಸರಿಮಾಡಿದೆ, ದಿಂಬು ಎತ್ತರಿಸಿದೆ, ಮಗ್ಗುಲು ತಿರುಗಿಸಿದೆ. ಹತ್ತು ನಿಮಿಷಕ್ಕೆ ಮತ್ತೆ ಶುರು. "ಕೋಳಿಮರಿ ಸಾಕಿದಂಗಾಯ್ತು ಕಣ್ಲಾ" ಅಂದರು ಅಮ್ಮ. ಮೂರನೇ ರಾತ್ರಿ ಮೀಟರ್‌ನಲ್ಲಿ 84. ಅವತ್ತೇ ಪಕ್ಕದ ಮನೆಯಿಂದ ಸಿಲಿಂಡರ್ ಹೊತ್ತು ತಂದೆ.

ಸಿಲಿಂಡರ್‌ಗೆ ಸದ್ದಿಲ್ಲ, ಕರೆಂಟ್ ಬೇಡ. ಆದರೆ ಮನೆಗೆ ತರುವ ಬಿ ಟೈಪ್ ಅಳತೆಯ ಸಿಲಿಂಡರ್‌ನಲ್ಲಿ ಇರುವುದು ಸುಮಾರು 1500 ಲೀಟರ್. ಎರಡರಂತೆ ಬಿಟ್ಟರೆ ಹನ್ನೆರಡೂವರೆ ಗಂಟೆ. ದಿನಾ ತುಂಬಿಸಿಕೊಂಡು ಬರುವವರು ಯಾರು?

ಕೊನೆಗೆ ತಂದ 5 ಲೀಟರಿನ ಮನೆ ಮೆಷಿನ್ ಕೋಣೆಯ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಒಳಗಿನ ಜಿಯೋಲೈಟ್ ಕಾಳುಗಳು ನೈಟ್ರೋಜನ್ ಹಿಡಿದಿಟ್ಟುಕೊಂಡು, 90ಕ್ಕೂ ಜಾಸ್ತಿ ಪರ್ಸೆಂಟ್ ಆಕ್ಸಿಜನ್ ಬಿಡುತ್ತವೆ. ಎಷ್ಟು ಹರಿಯುತ್ತಿದೆ ಅಂತ ತೋರಿಸುವ ಗುಂಡು 2ರ ಗೆರೆಗೆ ನಿಂತರೆ ಮುಗಿಯಿತು, ಎಳೆದರೂ ಬಿಟ್ಟರೂ ಹರಿಯುತ್ತಲೇ ಇರುತ್ತದೆ. ಗೊರಕೆ ಹೊಡೆಯುತ್ತಿದ್ದರೂ 90. ಕರೆಂಟ್ ಬಿಲ್ ಏರಿದೆ, ಕೋಣೆ ಬೆಚ್ಚಗಾಗುತ್ತದೆ, ವಾರಕ್ಕೊಮ್ಮೆ ಫಿಲ್ಟರ್ ತೊಳೆಯಬೇಕು. ಪರವಾಗಿಲ್ಲ.

ಕರೆಂಟ್ ಹೋದರೆ ಅಂತ ಒಂದು ತುಂಬಿದ ಸಿಲಿಂಡರ್ ಬಾಗಿಲ ಹಿಂದೆ ನಿಂತಿದೆ. ಪುಟ್ಟದ್ದು ತಿಂಗಳಿಗೊಮ್ಮೆ ಕಾರಿನಲ್ಲಿ ಮೈಸೂರು ನೋಡಿಕೊಂಡು ಬರುತ್ತದೆ. ಅಪ್ಪನ ಬೆಂಕಿಪೊಟ್ಟಣ ಮಾತ್ರ ಅಮ್ಮನ ಬೀರುವಿನಲ್ಲಿದೆ, ಬೀಗ ಹಾಕಿ.