ಲಾಟ್ ಚೀಟಿಗೆ ಯಾವುದು ವಾಸಿ? ಕ್ಯೂಆರ್, ಎನ್‌ಎಫ್‌ಸಿ, ಎಸ್‌ಎಂಎಸ್ ಬಳಸಿ ನೋಡಿದ್ದು

ಬಳ್ಳಾರಿಯಲ್ಲಿ ಒಂದು ಜೀನ್ಸ್ ಪ್ಯಾಂಟ್ ಒಂದೇ ಸೂರಿನಡಿ ತಯಾರಾಗುವುದು ಕಡಿಮೆ. ಕಟಿಂಗ್ ಒಂದು ಕಡೆ, ಹೊಲಿಗೆ ಕೌಲ್ ಬಜಾರ್‌ನ ನಾಲ್ಕಾರು ಮನೆಗಳಲ್ಲಿ, ವಾಷಿಂಗ್ ಊರ ಹೊರಗೆ, ಆಮೇಲೆ ಬಟನ್, ಇಸ್ತ್ರಿ, ಪ್ಯಾಕಿಂಗ್. ಒಟ್ಟಿಗೆ ಸಾಗುವ ಒಂದು ಗುಂಪು ಬಟ್ಟೆಗೆ ಲಾಟ್ ಅಂತೀವಿ, ಅದರ ಜೊತೆ ಒಂದು ಚೀಟಿ ಓಡಾಡುತ್ತದೆ. ಲಾಟ್ ನಂಬರ್, ಸೈಜು, ಎಷ್ಟು ಪೀಸು, ಯಾವ ವಾಶ್, ಏನು ಮಾಡಬಾರದು, ಅಷ್ಟೇ ಅದರಲ್ಲಿರೋದು. ಆ ಚೀಟಿ ಒದ್ದೆಯಾಗಿ ಅಕ್ಷರ ಕಲಸಿಹೋದರೆ ಇಡೀ ಲಾಟ್ ಬೇರೆ ಬಣ್ಣಕ್ಕೆ ತಿರುಗಿ ಬರುತ್ತದೆ. ವಾಷಿಂಗ್ ಶೆಡ್ಡಿನೊಳಗೆ ನೆಟ್ ಸಿಕ್ಕರೆ ಸಿಕ್ಕಿತು, ಇಲ್ಲಾಂದ್ರೆ ಇಲ್ಲ. ವಾಟ್ಸ್ಆ್ಯಪ್ ನಂಬಿ ಕೂರುವ ಹಾಗಿಲ್ಲ.

ನೆಟ್ ಇಲ್ಲದೆ ಈ ನಾಲ್ಕು ಸಾಲು ದಾಟಿಸೋಕೆ ನಮ್ಮ ಯೂನಿಟ್‌ನಲ್ಲಿ ಬೇರೆ ಬೇರೆ ದಾರಿ ಬಳಸಿ ನೋಡಿದ್ದೇವೆ. ಗೆದ್ದದ್ದು ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ: ಪಠ್ಯವನ್ನೇ ಒಳಗೆ ತುಂಬಿದ ಕ್ಯೂಆರ್, ಅದರ ಕೆಳಗೆ ಮಾರ್ಕರ್‌ನಲ್ಲಿ ದಪ್ಪಗೆ ಬರೆದ ಲಾಟ್ ನಂಬರ್. ಆದರೆ ಅದಕ್ಕೂ ಷರತ್ತುಗಳಿವೆ.

ಲಿಂಕ್ ಇರುವ ಕ್ಯೂಆರ್, ಪಠ್ಯವಿರುವ ಕ್ಯೂಆರ್

ನೋಡೋಕೆ ಎರಡೂ ಒಂದೇ ಥರ. ಆದರೆ ಕೆಲಸ ಪೂರ್ತಿ ಬೇರೆ. ‘ಉಚಿತ ಕ್ಯೂಆರ್’ ಅಂತ ಹುಡುಕಿದರೆ ಸಿಗುವ ಎಷ್ಟೋ ಸೈಟ್‌ಗಳು ನೀವು ಬರೆದ ಪಠ್ಯವನ್ನು ತಮ್ಮ ಸರ್ವರ್‌ನಲ್ಲಿ ಇಟ್ಟುಕೊಂಡು, ಚಿತ್ರದೊಳಗೆ ಬರೀ ಒಂದು ಲಿಂಕ್ ಹಾಕಿ ಕೊಡುತ್ತವೆ. ನಾವು ಬಳಸಿದ ಒಂದು ಸೈಟ್ ಕೆಲವು ವಾರ ಸುಮ್ಮನಿದ್ದು, ಆಮೇಲೆ ‘ಅವಧಿ ಮುಗಿದಿದೆ, ಹಣ ಕಟ್ಟಿ’ ಅಂತ ತೋರಿಸಿತು. ಆ ಹೊತ್ತಿಗೆ ಸ್ಟಿಕ್ಕರ್‌ಗಳು ಬಂಡಲ್ ಮೇಲೆ ಅಂಟಿ ಕೂತಿದ್ದವು. ಹಣ ಕೇಳದ ಸೈಟ್ ಆದರೂ ಅಷ್ಟೇ, ಲಿಂಕ್ ತೆರೆಯೋಕೆ ನೆಟ್ ಬೇಕಲ್ವಾ?

ಪರೀಕ್ಷೆ ಸುಲಭ. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ ಸ್ಕ್ಯಾನ್ ಮಾಡಿ. ಬರೆದದ್ದು ಹಾಗೇ ಕಂಡರೆ ಪಠ್ಯ ಒಳಗೇ ಇದೆ. ಬರೀ ಸೈಟ್ ವಿಳಾಸ ಕಂಡರೆ ಇಲ್ಲ. ನಾವು ಈಗ ‘ಬೈನರಿ ಐ’ ಅನ್ನುವ ಓಪನ್ ಸೋರ್ಸ್ ಆ್ಯಪ್ ಬಳಸುತ್ತೇವೆ. ಕ್ಯೂಆರ್ ಮಾಡುವುದು, ಓದುವುದು ಎರಡೂ ನೆಟ್ ಇಲ್ಲದೆ ಫೋನಿನಲ್ಲೇ ಆಗುತ್ತದೆ.

ಹಾಗೆ ನೋಡಿದರೆ ಕ್ಯೂಆರ್ ಹುಟ್ಟಿದ್ದೇ ನಮ್ಮಂಥ ಕೆಲಸಕ್ಕೆ. 1994ರಲ್ಲಿ ಜಪಾನಿನ ಡೆನ್ಸೊ ವೇವ್‌ನಲ್ಲಿ ಮಸಾಹಿರೊ ಹಾರಾ ಮತ್ತು ತಂಡ ಇದನ್ನು ಮಾಡಿದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡೋಕೆ. ದುಡ್ಡು ಕಳಿಸೋಕೆ ಬಂದದ್ದು ಎಷ್ಟೋ ವರ್ಷ ಆದಮೇಲೆ. ನಮ್ಮ ಹುಡುಗರಿಗೆ ಮಾತ್ರ ಕ್ಯೂಆರ್ ಅಂದರೆ ದುಡ್ಡೇ. ಮೊದಲ ಸ್ಟಿಕ್ಕರ್ ಕೈಗೆ ಕೊಟ್ಟಾಗ ಒಬ್ಬ ಪೇಮೆಂಟ್ ಆ್ಯಪ್ ತೆಗೆದು, ‘ಎಷ್ಟು ಹಾಕ್ಬೇಕಣ್ಣ?’ ಅಂದ. ಆ ಆ್ಯಪ್‌ಗಳು ಪೇಮೆಂಟ್ ಕೋಡ್ ಅಲ್ಲದ್ದನ್ನು ಒಪ್ಪುವುದಿಲ್ಲ. ಕ್ಯಾಮೆರಾದಲ್ಲಿ ನೋಡಬೇಕು ಅಂತ ಅಭ್ಯಾಸ ಮಾಡಿಸುವುದೇ ಒಂದು ಕೆಲಸವಾಯಿತು.

ಕನ್ನಡಕ್ಕೆ ಜಾಗ ಜಾಸ್ತಿ ಬೇಕು

ಇದು ಎಲ್ಲಕ್ಕಿಂತ ಮುಖ್ಯ. ಅತಿ ದೊಡ್ಡ ಕ್ಯೂಆರ್ ಅಂದರೆ 40ನೇ ವರ್ಶನ್. ಅದರಲ್ಲಿ 177 ಅಡ್ಡ, 177 ಉದ್ದ ಚೌಕಗಳು, ಹಿಡಿಯುವುದು ಹೆಚ್ಚೆಂದರೆ 2,953 ಬೈಟ್ (ಬೈಟ್ ಅಂದರೆ ಮಾಹಿತಿ ಹಿಡಿಯುವ ಜಾಗದ ಅಳತೆ). ಇಂಗ್ಲಿಷಿಗೆ ಅದು ಧಾರಾಳ. ಅಕ್ಷರಗಳನ್ನು ಬೈಟ್‌ಗೆ ಇಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಗುರುತಿಗೆ 3 ಬೈಟ್ ಬೇಕು. ಅಕ್ಷರಕ್ಕಲ್ಲ, ಗುರುತಿಗೆ. ‘ಬಳ್ಳಾರಿ’ ಕಣ್ಣಿಗೆ ಮೂರೇ ಅಕ್ಷರ. ಫೋನಿಗೆ ಅದು ಬ, ಳ, ವಿರಾಮ, ಳ, ದೀರ್ಘ, ರ, ಗುಡಿಸು: ಏಳು ಗುರುತು, 21 ಬೈಟ್. ಅದೇ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದರೆ ಕ್ಯೂಆರ್ ಅದಕ್ಕಿರುವ ಬೇರೆ ವಿಧಾನದಲ್ಲಿ ಸುಮಾರು 5 ಬೈಟ್ ಜಾಗದಲ್ಲಿ ಮುಗಿಸುತ್ತದೆ. ನಾಲ್ಕು ಪಟ್ಟು ವ್ಯತ್ಯಾಸ!

ಹಾಗಾಗಿ ಅತಿ ದೊಡ್ಡ ಕ್ಯೂಆರ್‌ನಲ್ಲೂ ಹೆಚ್ಚುಕಮ್ಮಿ ನೂರು, ನೂರಿಪ್ಪತ್ತು ಕನ್ನಡ ಪದ ಹಿಡಿಯಬಹುದು. ಅಷ್ಟು ತುಂಬಿದರೆ ಕಡಿಮೆ ಬೆಲೆಯ ಫೋನ್ ಕ್ಯಾಮೆರಾ ಓದಲು ಪರದಾಡುತ್ತದೆ. ಕ್ಯೂಆರ್‌ಗಳನ್ನು 16ರವರೆಗೆ ಸರಪಳಿಯಂತೆ ಜೋಡಿಸುವ ವ್ಯವಸ್ಥೆ ನಿಯಮದಲ್ಲಿದೆ. ಆದರೆ ಫೋನಿನ ಎಷ್ಟೋ ಆ್ಯಪ್‌ಗಳಿಗೆ ಅದು ಗೊತ್ತೇ ಇಲ್ಲ, ನಂಬಬೇಡಿ.

ನಮ್ಮ ಚೀಟಿ 200 ಬೈಟ್ ದಾಟದ ಹಾಗೆ ನೋಡಿಕೊಳ್ಳುತ್ತೇವೆ. ಅಂಕಿ ಬಿಟ್ಟು ಕನ್ನಡದಲ್ಲಿ ಎಂಟ್ಹತ್ತು ಪದ, ಅಷ್ಟೇ. ‘ಎನ್‌ಜೈಮ್ ವಾಶ್, ಬ್ಲೀಚ್ ಬೇಡ’ ಅನ್ನೋಕೆ ಅಷ್ಟು ಸಾಕು. ಸುಮ್ನೆ ವಾಕ್ಯ ಕಟ್ಟೋಕೆ ಹೋಗಬಾರದು.

ಇನ್ನೊಂದು ತೊಡಕು. ಹಳೆಯ ಕೆಲವು ಆ್ಯಪ್‌ಗಳು ಕನ್ನಡ ಬೈಟ್‌ಗಳನ್ನು ಬೇರೆ ಲಿಪಿ ಅಂದುಕೊಂಡು ಏನೇನೋ ಗೀಚಿ ತೋರಿಸುತ್ತವೆ. ಕಂಪ್ಯೂಟರ್‌ಗೆ ಚುಚ್ಚುವ ಸ್ಕ್ಯಾನರ್ ಗನ್ ಅಂತೂ ಕೀಬೋರ್ಡ್ ಥರ ಟೈಪ್ ಮಾಡುತ್ತದೆ, ಹಾಗಾಗಿ ಕನ್ನಡ ಬಂದರೆ ತಡವರಿಸುತ್ತದೆ. ಗನ್ ಬಳಸುವ ಕಡೆಗೆ ಹೋಗುವ ಚೀಟಿಗೆ ನಾವು ಅಂಕಿ ಮತ್ತು ಇಂಗ್ಲಿಷ್ ದೊಡ್ಡಕ್ಷರ ಮಾತ್ರ ಹಾಕುತ್ತೇವೆ.

ಎಂ ಹಂತವೋ, ಎಚ್ ಹಂತವೋ

ಕ್ಯೂಆರ್‌ಗೆ ಗಾಯ ತಡೆಯುವ ನಾಲ್ಕು ಹಂತಗಳಿವೆ. ಎಲ್ ಸುಮಾರು 7, ಎಂ 15, ಕ್ಯೂ 25, ಎಚ್ 30 ಶೇಕಡಾ ಹಾಳಾದರೂ ಸರಿಪಡಿಸಿಕೊಳ್ಳುತ್ತದೆ. ನೀರು, ಬಣ್ಣ, ಕೊಳೆ ಇರುವ ಜಾಗಕ್ಕೆ ಎಚ್ ವಾಸಿ ಅಂತ ಯಾರಾದರೂ ಹೇಳುತ್ತಾರೆ. ನಮ್ಮಲ್ಲಿ ಉಲ್ಟಾ ಆಯಿತು. ಸ್ಟಿಕ್ಕರ್ ಅಳತೆ ಒಂದೇ ಆದಾಗ, ಎಚ್ ಹಾಕಿದರೆ ಚೌಕಗಳು ಸಣ್ಣವಾಗುತ್ತವೆ. 190 ಬೈಟ್ ಪಠ್ಯಕ್ಕೆ ಎಂ ಹಂತದಲ್ಲಿ ಒಂದು ಬದಿಗೆ 57 ಚೌಕದ ಕ್ಯೂಆರ್ ಸಾಕು, ಎಚ್‌ನಲ್ಲಿ 73 ಬೇಕು. ಶೆಡ್ಡಿನ ಮಂದ ಬೆಳಕಿನಲ್ಲಿ, ಬೆರಳಿನ ಗುರುತು ಅಂಟಿದ ಲೆನ್ಸ್‌ನಲ್ಲಿ, ದೊಡ್ಡ ಚೌಕದ ಎಂ ತಟ್ಟನೆ ಓದಿಸಿಕೊಂಡಿತು. ಎಚ್‌ಗೆ ಫೋನನ್ನು ಹತ್ತಿರ, ದೂರ ಆಡಿಸುತ್ತಾ ನಿಲ್ಲಬೇಕಾಯಿತು. ಜಾಗ ಎಷ್ಟು ಬೇಕಾದರೂ ಇದ್ದರೆ ಎಚ್ ಹಾಕಿ. ನಮ್ಮ ಹಾಗೆ ಎರಡಿಂಚು ಅಗಲ ಮಾತ್ರ ಮುದ್ರಿಸುವ ಪ್ರಿಂಟರ್ ಇದ್ದರೆ ಎಂ ಸಾಕು.

ಮೂರು ಮೂಲೆಯ ದೊಡ್ಡ ಚೌಕಗಳಲ್ಲಿ ಒಂದು ಹರಿದುಹೋದರೆ ಯಾವ ಹಂತವೂ ಕಾಪಾಡುವುದು ಕಷ್ಟ. ಸುತ್ತಲೂ ನಾಲ್ಕು ಚೌಕದಷ್ಟು ಬಿಳಿ ಅಂಚು ಬಿಡಬೇಕು. ಪ್ರಿಂಟ್ ಅಂಗಡಿಯವರು ಕಾಗದ ಉಳಿಸೋಕೆ ಮೊದಲು ಕತ್ತರಿಸುವುದೇ ಅದನ್ನು.

ಪ್ರಿಂಟ್‌ನಲ್ಲೂ ಮೂರು ಥರ ನೋಡಿದೆವು. ಥರ್ಮಲ್ ಸ್ಟಿಕ್ಕರ್ ಅಗ್ಗ, ಇಂಕ್ ಬೇಡ. ಆದರೆ ಡ್ರೈಯರ್ ಬಳಿ ಇಟ್ಟರೆ ಕಪ್ಪಾಗುತ್ತದೆ, ಬಳ್ಳಾರಿ ಬಿಸಿಲಲ್ಲಿ ಬಿಟ್ಟರೆ ಮಸುಕಾಗುತ್ತದೆ. ಇಂಕ್‌ಜೆಟ್‌ಗೆ ನೀರು ತಾಗಿದರೆ ಮುಗಿಯಿತು. ಲೇಸರ್ ಪ್ರಿಂಟ್‌ಗೆ ಪಾರದರ್ಶಕ ಟೇಪ್ ಅಂಟಿಸಿದ್ದು ಉಳಿಯಿತು. ಟೇಪ್ ಮೇಲೆ ಟ್ಯೂಬ್‌ಲೈಟ್ ಹೊಳೆದರೆ ಮಾತ್ರ ಚೀಟಿಯನ್ನು ಸ್ವಲ್ಪ ಓರೆ ಮಾಡಿ ಹಿಡಿಯಬೇಕು.

ಎನ್‌ಎಫ್‌ಸಿ

ಇದು ಫೋನ್ ತಾಗಿಸಿ ಓದುವ ಸಣ್ಣ ಚಿಪ್ ಇರುವ ಟ್ಯಾಗ್. ಮುಟ್ಟಿಸಿದರೆ ಸಾಕು, ಬೆಳಕು ಬೇಡ, ಕೊಳೆ ಅಂಟಿದರೂ ಚಿಂತೆ ಇಲ್ಲ. ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದು. ಇದರ ಮೇಲೆ ನನಗೆ ತುಂಬ ಆಸೆಯಿತ್ತು. ಅಗ್ಗದ ಎನ್‌ಟ್ಯಾಗ್213ರಲ್ಲಿ ಇರುವುದು 144 ಬೈಟ್, ಅಂದರೆ ಕನ್ನಡದ ಐದಾರು ಪದ. 216ರಲ್ಲಿ 888 ಬೈಟ್ ಇದೆ, ಬೆಲೆಯೂ ಹಾಗೇ ಏರುತ್ತದೆ. ಬರೀ ಕಬ್ಬಿಣದ ಮೇಲೆ ಅಂಟಿಸಿದರೆ ಕೆಲಸ ಮಾಡಲ್ಲ, ಅದಕ್ಕೆ ಬೇರೆ ಥರದ ಟ್ಯಾಗ್ ಕೊಳ್ಳಬೇಕು. ದೊಡ್ಡ ತೊಂದರೆ ಅಂದರೆ ನಮ್ಮ ಹುಡುಗರ ಹೆಚ್ಚಿನ ಫೋನ್‌ಗಳಲ್ಲಿ ಎನ್‌ಎಫ್‌ಸಿ ಇಲ್ಲವೇ ಇಲ್ಲ. ಓದುವವರೇ ಇಲ್ಲದ ಮೇಲೆ ಟ್ಯಾಗ್ ಎಷ್ಟು ಒಳ್ಳೆಯದಾದರೇನು? ಲಾಕ್ ಮಾಡದೆ ಬಿಟ್ಟರೆ ಯಾರು ಬೇಕಾದರೂ ಬದಲಾಯಿಸಬಹುದು, ಅದೂ ಒಂದಿದೆ.

ಎಸ್‌ಎಂಎಸ್, ಕ್ವಿಕ್ ಶೇರ್

ಎಸ್‌ಎಂಎಸ್‌ಗೆ ನೆಟ್ ಬೇಡ, ಟವರ್ ಸಾಕು. ಬಟನ್ ಫೋನಿಗೂ ಹೋಗುತ್ತದೆ. ಆದರೆ ಇಂಗ್ಲಿಷಿಗೆ 160 ಅಕ್ಷರ ಸಿಕ್ಕರೆ ಕನ್ನಡಕ್ಕೆ 70 ಗುರುತು. ಅದು ವ್ಯಕ್ತಿಗೆ ಹೋಗುತ್ತದೆ, ಬಂಡಲ್‌ಗೆ ಅಲ್ಲ. ಫೋನ್ ಇರುವವನು ಊಟಕ್ಕೆ ಹೋದರೆ ಸಂದೇಶವೂ ಅವನ ಜೇಬಲ್ಲೇ ಹೋಯಿತು.

ಕ್ವಿಕ್ ಶೇರ್‌ಗೂ ಅದೇ ಕಥೆ. ಎರಡು ಆಂಡ್ರಾಯ್ಡ್ ಫೋನ್ ಎದುರುಬದುರು ಇದ್ದರೆ ಇಡೀ ತಿಂಗಳ ಪಟ್ಟಿಯನ್ನೇ ನೆಟ್ ಇಲ್ಲದೆ ದಾಟಿಸಬಹುದು. ದೊಡ್ಡ ಫೈಲ್‌ಗೆ ಅದೇ ಸರಿ, ಚೀಟಿಗೆ ಅಲ್ಲ.

ಕೈಬರಹ

ಪೆನ್ಸಿಲ್ ನೀರಿಗೆ ಅಳಿಯುವುದಿಲ್ಲ, ಬಾಲ್‌ಪೆನ್‌ಗಿಂತ ವಾಸಿ. ಓದೋಕೆ ಫೋನ್ ಬೇಡ, ಚಾರ್ಜ್ ಬೇಡ. ನಮ್ಮ ಕಟಿಂಗ್ ಮಾಸ್ಟರ್ ಇವತ್ತಿಗೂ ಕ್ಯೂಆರ್ ನೋಡುವ ಮೊದಲು ಕೆಳಗಿನ ನಂಬರ್ ನೋಡುತ್ತಾರೆ. ಅವರೇ ಹೇಳಿದ್ದು, ‘ಲಾಟ್, ಪೀಸು ಎರಡನ್ನೂ ಹೊರಗೆ ಬರೀರಿ, ಉಳಿದದ್ದು ಒಳಗಿರಲಿ’ ಅಂತ. ಈಗ ಹಾಗೇ ಮಾಡುತ್ತಿದ್ದೇವೆ.

ಒಳಗೆ ಏನು ಹಾಕಬಾರದು ಅನ್ನುವುದಕ್ಕೂ ಒಂದು ಲೆಕ್ಕ ಬೇಕಾಯಿತು. ಕ್ಯೂಆರ್‌ಗೆ ಬೀಗ ಇಲ್ಲ, ಫೋನ್ ಇರುವ ಯಾರಾದರೂ ಓದಬಹುದು. ಜಾಬ್ ವರ್ಕ್ ರೇಟು, ಪಾರ್ಟಿಯ (ಆರ್ಡರ್ ಕೊಟ್ಟವರ) ಹೆಸರು, ಫೋನ್ ನಂಬರ್ ಯಾವುದನ್ನೂ ನಾವು ಹಾಕುವುದಿಲ್ಲ. ಅವು ಇನ್ನೂ ಕಟಿಂಗ್ ಟೇಬಲ್‌ನ ಪುಸ್ತಕದಲ್ಲೇ ಇವೆ.